26 ಸಾವಿರಕ್ಕೂ 200, ಮೂರು ಲಕ್ಷಕ್ಕೂ 200: ವೃತ್ತಿ ತೆರಿಗೆ ಲೆಕ್ಕ
ನಿಮ್ಮ 26,000 ಸಂಬಳಕ್ಕೂ ಮ್ಯಾನೇಜರ್ ಅವರ ಮೂರು ಲಕ್ಷಕ್ಕೂ ತಿಂಗಳಿಗೆ ಅದೇ 200 ರೂಪಾಯಿ ವೃತ್ತಿ ತೆರಿಗೆ (ಪಿ.ಟಿ.) ಹಿಡಿದಿದ್ದಾರೆ, ಇದು ನ್ಯಾಯವೇ ಅಂತ ಕೇಳಿದ್ದೀರಿ. ಅದು ಅಕೌಂಟ್ಸ್‌ನವರ ತಪ್ಪಲ್ಲ ಸಾರ್. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ 25,000ಕ್ಕಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ. ಅಲ್ಲಿಂದ ಮೇಲೆ ಎಲ್ಲರಿಗೂ ಒಂದೇ ದರ. (ಫೆಬ್ರವರಿಯಲ್ಲಿ 300 ಹಿಡಿದರೆ ಗಾಬರಿಯಾಗಬೇಡಿ, ಅದು 2025ರಲ್ಲಿ ಬಂದ ಬದಲಾವಣೆ.)

ಕಾರಣ ಸಂವಿಧಾನದ 276ನೇ ವಿಧಿ. ಒಬ್ಬರಿಂದ ವರ್ಷಕ್ಕೆ 2,500ಕ್ಕಿಂತ ಹೆಚ್ಚು ವೃತ್ತಿ ತೆರಿಗೆ ವಸೂಲಿ ಮಾಡುವಂತಿಲ್ಲ. 1988ರಲ್ಲಿ 250 ಇದ್ದದ್ದನ್ನು ಅಷ್ಟಕ್ಕೆ ಏರಿಸಿದರು. ಆಮೇಲೆ ಸಂಬಳಗಳು ಎಲ್ಲಿಗೋ ಹೋದವು, ಮಿತಿ ಮಾತ್ರ ಅಲ್ಲೇ ಕೂತಿದೆ. ಹಾಗಾಗಿ ರಾಜ್ಯ ಸರ್ಕಾರ ಮನಸ್ಸು ಮಾಡಿದರೂ ನಿಮ್ಮ ಮ್ಯಾನೇಜರ್‌ಗೆ ಹೆಚ್ಚು ಹಾಕಲಾಗದು. ನಿಮಗೆ ಕಡಿಮೆ ಮಾಡಬಹುದಿತ್ತು, ಮಾಡಿಲ್ಲ.

ನ್ಯಾಯವೇ ಅಂದಿರಿ. ನನ್ನ ಪ್ರಕಾರ ಅಲ್ಲ. ನೂರು ರೂಪಾಯಿ ದುಡಿಮೆಗೆ ನಿಮ್ಮದು ಮುಕ್ಕಾಲು ರೂಪಾಯಿಗೂ ಹೆಚ್ಚು ಹೋಗುತ್ತೆ, ಅವರದು ಏಳು ಪೈಸೆಯೂ ಇಲ್ಲ. ಆದರೆ ಆದಾಯ ತೆರಿಗೆಯಲ್ಲಿ ಲೆಕ್ಕ ಉಲ್ಟಾ: ನಿಮಗೆ ಸೊನ್ನೆ, ಅವರಿಗೆ ಹೊಸ ಪದ್ಧತಿಯಲ್ಲಿ ವರ್ಷದ ಆದಾಯ 24 ಲಕ್ಷ ದಾಟಿದ ಭಾಗಕ್ಕೆ ಶೇ 30. ಅಂಗಡಿಯಲ್ಲಿ ಜಿಎಸ್‌ಟಿ ಕಟ್ಟುವಾಗ ಮತ್ತೆ ಇಬ್ಬರಿಗೂ ಒಂದೇ ದರ.

ಒಟ್ಟು ಸಂಬಳ 25,000ದ ಕೆಳಗಿದ್ದೂ ಪಿ.ಟಿ. ಹಿಡಿದಿದ್ದರೆ ಮಾತ್ರ ಎಚ್‌ಆರ್‌ನವರನ್ನು ಕೇಳಿ.