ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದವರು ಐಟಿಐಯಲ್ಲಿ ಮೇಷ್ಟ್ರಾಗಲು ಬಿ.ಎಡ್ ಮಾಡಬೇಕಾ?

ಐಟಿಐ ಎಲೆಕ್ಟ್ರಿಷಿಯನ್ ಪಾಸಾಗಿ ಎರಡು ವರ್ಷದಿಂದ ಮನೆ ವೈರಿಂಗ್ ಮಾಡುತ್ತಿದ್ದೀರಿ. ಜೊತೆಗೆ ಬರುವ ಹುಡುಗರಿಗೆ ಹೇಳಿಕೊಡುವುದು ನಿಮಗೆ ಇಷ್ಟ. ಐಟಿಐಯಲ್ಲೇ ಕಲಿಸಬೇಕು ಅನ್ನಿಸಿದೆ, ಆದರೆ ಮನೆಯವರು ಬಿ.ಎಡ್ ಮಾಡು ಅಂತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನೂ ಅದೇ ದಾರಿಯಲ್ಲಿ ಬಂದವನು. ಐದು ವರ್ಷ ಸೈಟಿನಲ್ಲಿ ಪೈಪು ಎಳೆದು, ಆಮೇಲೆ ತರಬೇತಿ ಪಡೆದು, ಈಗ ಒಂದು ತಾಲ್ಲೂಕು ಊರಿನ ಐಟಿಐಯಲ್ಲಿ ಕಲಿಸುತ್ತಿದ್ದೇನೆ.

ಬಿ.ಎಡ್ ಬೇಡ. ಅದು ಶಾಲೆ ಮೇಷ್ಟ್ರಿಗೆ, ಅದಕ್ಕೆ ಮೊದಲು ಡಿಗ್ರಿ ಆಗಿರಬೇಕು. ನಿಮಗೆ ಬೇಕಾಗಿರುವುದು ಸಿಐಟಿಎಸ್, ಅಂದರೆ ಕ್ರಾಫ್ಟ್ ಇನ್‌ಸ್ಟ್ರಕ್ಟರ್ ಟ್ರೈನಿಂಗ್ ಸ್ಕೀಮ್. ಒಂದು ವರ್ಷದ ಕೋರ್ಸು. ಐಟಿಐ ಪಾಸಾದಾಗ ಕೊಡುವ ನಿಮ್ಮ ಎನ್‌ಟಿಸಿ ಸರ್ಟಿಫಿಕೇಟ್ ಇಟ್ಟುಕೊಂಡೇ ಅರ್ಜಿ ಹಾಕಬಹುದು. ಇದು ಹೊಸದೇನಲ್ಲ. 1948ರಲ್ಲೇ ಬಿಲಾಸ್‌ಪುರದ ಹತ್ತಿರ ಕೋನಿಯಲ್ಲಿ ಇನ್‌ಸ್ಟ್ರಕ್ಟರುಗಳಿಗಾಗಿ ಮೊದಲ ತರಬೇತಿ ಕೇಂದ್ರ ಶುರುವಾಯಿತು. ಐಟಿಐಗಳ ಯೋಜನೆ ಬಂದದ್ದು 1950ರಲ್ಲಿ. ಮೊದಲು ಮೇಷ್ಟ್ರನ್ನು ತಯಾರು ಮಾಡಿ, ಆಮೇಲೆ ಹುಡುಗರನ್ನು ಕರೆದರು. ನನಗೆ ಈ ವಿಷಯ ತುಂಬಾ ಇಷ್ಟ.

ಈಗ ಈ ಕೋರ್ಸು ಎನ್‌ಎಸ್‌ಟಿಐಗಳಲ್ಲಿ, ಅಂದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಗಳಲ್ಲಿ ನಡೆಯುತ್ತದೆ. ಬೆಂಗಳೂರಿನಲ್ಲಿ ತುಮಕೂರು ರಸ್ತೆಯಲ್ಲಿದೆ, ಹಳಬರು ಅದನ್ನು ಇನ್ನೂ ಹಳೇ ಹೆಸರಿನಲ್ಲಿ ಎಫ್‌ಟಿಐ (ಫೋರ್‌ಮನ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್) ಅಂತಲೇ ಕರೆಯುತ್ತಾರೆ. ಹೆಣ್ಣುಮಕ್ಕಳಿಗೆ ಹೊಸೂರು ರಸ್ತೆಯಲ್ಲಿ ಬೇರೆಯೇ ಇದೆ. ಹೈದರಾಬಾದ್, ಚೆನ್ನೈನಲ್ಲೂ ಇವೆ. ಎಲ್ಲ ಟ್ರೇಡೂ ಎಲ್ಲ ಕಡೆ ಇರುವುದಿಲ್ಲ. ಅದಕ್ಕೇ ಅರ್ಜಿ ಹಾಕುವ ಮುಂಚೆ ಆ ವರ್ಷದ ಸೀಟ್ ಪಟ್ಟಿಯಲ್ಲಿ ಎಲೆಕ್ಟ್ರಿಷಿಯನ್ ಎಲ್ಲೆಲ್ಲಿದೆ ನೋಡಿಕೊಳ್ಳಿ.

ಇನ್ನೊಂದು ಮಾತು, ಇದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಎಲೆಕ್ಟ್ರಿಷಿಯನ್ ಟ್ರೇಡಿನ ಸಿಲೆಬಸ್ ಪುಸ್ತಕದಲ್ಲೇ ಇನ್‌ಸ್ಟ್ರಕ್ಟರ್ ಅರ್ಹತೆ ಬರೆದಿರುತ್ತದೆ. ಬಿ.ಇ ಆದವರಿಗೆ ಒಂದು ವರ್ಷ ಅನುಭವ, ಡಿಪ್ಲೊಮಾದವರಿಗೆ ಎರಡು, ನಮ್ಮ ಹಾಗೆ ಐಟಿಐ ಮಾಡಿದವರಿಗೆ ಮೂರು. ಈ ಟ್ರೇಡಿಗೆ ಬೇಕಾದ ಇಬ್ಬರು ಇನ್‌ಸ್ಟ್ರಕ್ಟರುಗಳಲ್ಲಿ ಒಬ್ಬರು ಡಿಗ್ರಿ ಅಥವಾ ಡಿಪ್ಲೊಮಾದವರು, ಇನ್ನೊಬ್ಬರು ಐಟಿಐ ಅಥವಾ ಅಪ್ರೆಂಟಿಸ್ ಸರ್ಟಿಫಿಕೇಟ್ ಇರುವವರು ಆಗಬೇಕು. ಸಿಐಟಿಎಸ್ ಇಬ್ಬರಿಗೂ ಬೇಕು. ಅಂದರೆ ಕೈಕೆಲಸ ಬಲ್ಲವನಿಗೆ ಅಲ್ಲಿ ಒಂದು ಜಾಗ ಇಟ್ಟಿದ್ದಾರೆ. 'ಬರೀ ಐಟಿಐ ತಾನೆ' ಅಂತ ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಸರ್ಕಾರಿ ಐಟಿಐಯಲ್ಲಿ ಈ ಹುದ್ದೆಗೆ ಕಿರಿಯ ತರಬೇತಿ ಅಧಿಕಾರಿ, ಜೆಟಿಒ ಅಂತಾರೆ. ಅದಕ್ಕೆ ಪ್ರತಿ ವರ್ಷ ಕರೆಯುವುದಿಲ್ಲ. ಕರೆದಾಗ ಅರ್ಹತೆಯ ಸಾಲನ್ನು ಎರಡು ಸಲ ಓದಿ. ಅಲ್ಲಿಯವರೆಗೆ ಅನುದಾನಿತ, ಖಾಸಗಿ ಐಟಿಐಗಳಲ್ಲಿ ಕೆಲಸ ಸಿಗುತ್ತದೆ, ಸಂಬಳ ಕಡಿಮೆ. ಮನೆ ಜವಾಬ್ದಾರಿ ಇದ್ದರೆ ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಕೆಲಸ ಚೆನ್ನಾಗಿ ಬಂದರೆ ಕಲಿಸುವುದು ತಾನಾಗಿಯೇ ಬರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ತರಬೇತಿಯಲ್ಲಿ ನನ್ನ ಮೊದಲ ಡೆಮೊ ಪಾಠ ಮೆಟ್ಟಿಲ ವೈರಿಂಗ್. ಕೆಳಗೊಂದು ಟೂ ವೇ ಸ್ವಿಚ್, ಮೇಲೊಂದು, ಮಧ್ಯೆ ಒಂದು ಬಲ್ಬು. ನೂರಾರು ಮನೆಯಲ್ಲಿ ಮಾಡಿದ್ದ ಕೆಲಸ. ಬೋರ್ಡಿನ ಕಡೆ ತಿರುಗಿ ನಿಂತು ಹದಿನೈದು ನಿಮಿಷದಲ್ಲಿ ಮುಗಿಸಿದೆ. ಎರಡೂ ಸ್ವಿಚ್ಚಿನಿಂದ ಬಲ್ಬು ಹತ್ತಿತು, ಆರಿತು. ಸರ್ ಏನೂ ಅನ್ನಲಿಲ್ಲ. ಹಿಂದೆ ನಿಂತಿದ್ದ ಫಿಟ್ಟರ್ ಟ್ರೇಡಿನವನೊಬ್ಬನನ್ನು ಕರೆದು, 'ಎರಡು ಸ್ವಿಚ್ಚಿನ ಮಧ್ಯೆ ಎಷ್ಟು ವೈರ್ ಹೋಗಿದೆ?' ಅಂತ ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ಅವನಿಗೆ ಕಂಡಿದ್ದು ನನ್ನ ಬೆನ್ನು. ನಾನು ಬಾಯಿ ಬಿಟ್ಟಿರಲಿಲ್ಲ, ಎಲ್ಲಕ್ಕೂ ಒಂದೇ ಬಣ್ಣದ ವೈರ್ ಹಾಕಿದ್ದೆ.

ಸರ್ ಎಲ್ಲ ಬಿಚ್ಚಿಸಿದರು. ಪಕ್ಕಕ್ಕೆ ನಿಲ್ಲಿಸಿದರು. ಸ್ವಿಚ್ಚುಗಳ ಮಧ್ಯೆ ಹೋಗುವ ಎರಡು ವೈರಿಗೆ ಬೇರೆ ಬೇರೆ ಬಣ್ಣ ಕೊಡಿಸಿದರು. 'ಮೊದಲು ಹೇಳು, ಆಮೇಲೆ ಕೈ ಆಡಿಸು. ಎರಡನ್ನೂ ಒಟ್ಟಿಗೆ ಮಾಡಿದರೆ ಅವರು ಕೈ ನೋಡ್ತಾರೆ, ಮಾತು ಕೇಳಲ್ಲ' ಅಂದರು. ಅದೇ ಪಾಠಕ್ಕೆ ಆವತ್ತು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಆ ಫಿಟ್ಟರ್ ಗೆಳೆಯನೇ ಬಂದು ಕನೆಕ್ಷನ್ ಕೊಟ್ಟ, ಬಲ್ಬು ಹತ್ತಿತು.

ಈ ಕೋರ್ಸಿನಲ್ಲಿ ಟ್ರೇಡ್ ವಿಷಯದ ಜೊತೆ ಕಲಿಸುವ ವಿಧಾನ ಅಂತಲೇ ಒಂದು ಪಾಲು ಇರುತ್ತದೆ. ಪಾಠ ಬರೆದುಕೊಳ್ಳುವುದು, ಒಂದು ಕೆಲಸವನ್ನು ಹಂತ ಹಂತವಾಗಿ ಒಡೆಯುವುದು, ಎಲ್ಲಿ ಹುಷಾರಾಗಿರಬೇಕು ಅಂತ ಗುರುತು ಹಾಕುವುದು. ಸುಮ್ನೆ ಪೇಪರ್ ಕೆಲಸ ಅಂತ ಕೆಲವರು ಉದಾಸೀನ ಮಾಡುತ್ತಾರೆ. ದಯವಿಟ್ಟು ನೀವು ಮಾಡಬೇಡಿ. ವೈರಿನ ಸಿಪ್ಪೆ ತೆಗೆಯುವುದನ್ನೇ ನೋಡಿ. ಚಾಕುವನ್ನು ಪೆನ್ಸಿಲ್ ಕೆತ್ತುವ ಹಾಗೆ ಓರೆಯಾಗಿ ಹಿಡಿಯಬೇಕು. ನೇರವಾಗಿ ಒತ್ತಿದರೆ ತಾಮ್ರಕ್ಕೆ ಗಾಯವಾಗುತ್ತದೆ. ಸ್ಕ್ರೂ ಬಿಗಿಯುವಾಗ ಅದು ಅಲ್ಲೇ ತುಂಡಾಗುತ್ತದೆ, ಇಲ್ಲವೇ ಅರ್ಧ ಎಳೆ ಉಳಿದು ಬಿಸಿಯಾಗುತ್ತದೆ. ನನ್ನ ಕೈಗೆ ಇದು ಗೊತ್ತಿತ್ತು. ಬಾಯಲ್ಲಿ ಹೇಳಬೇಕಾದ ವಿಷಯ ಅಂತ ಗೊತ್ತಾಗಿದ್ದು ಆ ಕೆಲಸವನ್ನು ಕಾಗದದ ಮೇಲೆ ಒಡೆದು ಬರೆದಾಗ.

ನಮ್ಮ ಕೆಲಸದಲ್ಲಿ ಹೇಳದೆ ಬಿಟ್ಟರೆ ಪ್ರಾಣ ಹೋಗಬಹುದು. ನಾನು ಸೈಟಿನಲ್ಲಿದ್ದಾಗ ಒಬ್ಬ ಹುಡುಗ ಎಂಸಿಬಿ (ಲೈನಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಟೆಸ್ಟರ್ ಇಟ್ಟು ನೋಡಿ, ದೀಪ ಹತ್ತಲಿಲ್ಲ ಅಂತ ವೈರ್ ಮುಟ್ಟಿದ. ಇಳಿಸಿದ್ದು ಬೇರೆ ಎಂಸಿಬಿ, ಟೆಸ್ಟರ್ ಕೆಟ್ಟಿತ್ತು. ದೂರಕ್ಕೆ ಬಿದ್ದ, ಪುಣ್ಯಕ್ಕೆ ಉಳಿದ. ಕರೆಂಟ್ ಇರುವ ಜಾಗದಲ್ಲಿ ಮೊದಲು ಟೆಸ್ಟರನ್ನೇ ಪರೀಕ್ಷೆ ಮಾಡಬೇಕು ಅಂತ ಅವನಿಗೆ ನಮ್ಮಲ್ಲಿ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಈಗ ಪ್ರತಿ ಹೊಸ ಬ್ಯಾಚಿನ ಇಪ್ಪತ್ತು ಮಕ್ಕಳಿಗೂ ಮೊದಲ ವಾರವೇ ಒಬ್ಬೊಬ್ಬರ ಕೈಯಲ್ಲೂ ಇದನ್ನು ಮಾಡಿಸುತ್ತೇನೆ.

ಪಾಲಿಟೆಕ್ನಿಕ್ಕಿನಲ್ಲಿ ಕಲಿಸುವ ಆಸೆ ಇದ್ದರೆ ದಾರಿ ಬೇರೆ. ಐಟಿಐ ಆದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶ ಇದೆ, ಅಲ್ಲಿಂದ ಬಿ.ಇ. ಐದಾರು ವರ್ಷ ಬೇಕು. ನಿಮ್ಮ ಪ್ರಶ್ನೆ ಓದಿದರೆ ನಿಮಗೆ ವರ್ಕ್‌ಶಾಪೇ ಇಷ್ಟ ಅನ್ನಿಸುತ್ತದೆ, ಅಲ್ವಾ?

ಹಾಗಿದ್ದರೆ ಈಗ ಸೈಟ್ ಕೆಲಸ ಬಿಡಬೇಡಿ, ಮೂರನೇ ವರ್ಷ ಮುಗಿಸಿ. ಈ ಎರಡು ವರ್ಷದ ಅನುಭವ ಪತ್ರವನ್ನು ಲೈಸೆನ್ಸ್ ಇರುವ ಕಂಟ್ರಾಕ್ಟರ್ ಹತ್ತಿರ ಲೆಟರ್‌ಹೆಡ್ಡಿನಲ್ಲಿ, ತಾರೀಖು ಹಾಕಿಸಿ ಈಗಲೇ ತೆಗೆದುಕೊಳ್ಳಿ. ನಾನು ಆಮೇಲೆ ಕೇಳೋಣ ಅಂತ ಬಿಟ್ಟು, ಅವರು ಊರು ಬಿಟ್ಟ ಮೇಲೆ ಮೂರು ತಿಂಗಳು ಹುಡುಕಿದ್ದೇನೆ. ಜೊತೆಗೆ ನಾಳೆಯಿಂದಲೇ, ನಿಮ್ಮ ಹುಡುಗ ಸ್ವಿಚ್ ಬೋರ್ಡ್ ಕಟ್ಟುವಾಗ ಕಟಿಂಗ್ ಪ್ಲೈಯರ್ ಅವನ ಕೈಯಲ್ಲೇ ಇರಲಿ. ನೀವು ಪಕ್ಕದಲ್ಲಿ ನಿಂತು ಬಾಯಲ್ಲಿ ಮಾತ್ರ ಹೇಳಿ.