ಕುಲುಕಿದರೆ ಕಾಯುವುದಿಲ್ಲ

ರಾಣೆಬೆನ್ನೂರಿನ ಗೆಳೆಯರಿಗೆ,

ನಿಮ್ಮ 'ಕುಲುಕು' ಕತೆ ತಲುಪಿತು. ಸಂತೆಯ ಭಾಗ ಚೆನ್ನಾಗಿದೆ, ಮಾತುಕತೆಯೂ ಸಹಜವಾಗಿದೆ. ಆದರೆ ಆರನೇ ಪುಟಕ್ಕೆ ಬರುವಾಗ ಸಿಟ್ಟು ಬಂತು. ಮುಂದಿದ್ದ ಚಹಾ ಆರಿಹೋಯಿತು.

ನೀವು ಬರೆದದ್ದು ಹೀಗೆ: "ಶೇಖಪ್ಪ ಗುಂಡಿ ಒತ್ತಿದ. ತೊಟ್ಟಿಯೊಳಗಿನ ಅಣುದ್ರವ ಕುಲುಕಿ ಕುಲುಕಿ ಕಾದು, ಕೆಂಪಗಾಗಿ, ಬಾಂಬಿನ ಹಾಗೆ ಸಿಡಿಯಿತು. ಎಲ್ಲ ವಿಧಿಯಾಟ."

'ಕುಲುಕಿ ಕಾದು.' ಇಲ್ಲ ಸ್ವಾಮಿ. ಕುಲುಕಿದಾಗ ಬದಲಾಗುವುದು ದ್ರವದ ಆಕಾರ. ಅಣುಬಾಂಬಿಗೆ ಬಳಸುವ ಪ್ಲುಟೋನಿಯಂ ಕರಗಿದ ದ್ರವ ತೆಳ್ಳಗೆ ಹರಡಿದ್ದರೆ, ಪರಮಾಣು ಒಡೆದಾಗ ಸಿಡಿಯುವ ನ್ಯೂಟ್ರಾನ್ ಎಂಬ ಕಣಗಳು ಮೇಲಿಂದ, ಕೆಳಗಿಂದ ಸೋರಿಹೋಗುತ್ತವೆ. ಅದೇ ದ್ರವ ಒಂದು ಕಡೆ ದಪ್ಪಗೆ ಸೇರಿತೋ, ಸೋರಿಕೆ ಕಡಿಮೆಯಾಗಿ ಒಳಗೇ ಉಳಿದವು ಇನ್ನಷ್ಟು ಪರಮಾಣುಗಳನ್ನು ಒಡೆಯುತ್ತವೆ. ಒಂದು ಹನಿಯನ್ನೂ ಹೊಸದಾಗಿ ಸುರಿಯಬೇಕಿಲ್ಲ.

1958ರ ಡಿಸೆಂಬರ್ 30ರಂದು ಅಮೆರಿಕದ ಲಾಸ್ ಅಲಾಮೋಸ್ ಅಣ್ವಸ್ತ್ರ ಪ್ರಯೋಗಾಲಯದಲ್ಲಿ ಆದದ್ದು ಇದೇ. ತೊಟ್ಟಿಯ ತಳದಲ್ಲಿ ನೀರಿನಂಥ ದ್ರವ. ಅದರ ಮೇಲೆ ಎಣ್ಣೆಯ ಹಾಗೆ ತೇಲುವ ಸಾಲ್ವೆಂಟ್, ಅಂದರೆ ಕರಗಿಸುವ ದ್ರವ, ಸುಮಾರು 20 ಸೆಂ.ಮೀ. ದಪ್ಪ. ಪ್ಲುಟೋನಿಯಂ ಇದ್ದದ್ದು ಹೆಚ್ಚಾಗಿ ಆ ಮೇಲಿನ ಪದರಿನಲ್ಲಿ. ಕಲಕುವ ಮೋಟರಿನ ಸ್ವಿಚ್ ಹಾಕಿದ್ದೇ ತಡ, ಕೆಳಗಿನ ದ್ರವ ಗೋಡೆಯ ಕಡೆ ಏರಿತು, ಮೇಲಿನದು ನಡುವೆ ದಪ್ಪವಾಯಿತು. ನಂಬಿಕೆ ಬಾರದಿದ್ದರೆ ಒಗ್ಗರಣೆ ತೇಲುವ ಸಾರಿನಲ್ಲಿ ಸೌಟು ಗರಗರ ತಿರುಗಿಸಿ ನೋಡಿ, ಎಣ್ಣೆ ಎಲ್ಲಿ ಸೇರುತ್ತದೆ ಅಂತ.

'ಕೆಂಪಗಾಗಿ.' ಅಲ್ಲಿ ಮಿಂಚಿದ್ದು ನೀಲಿ. 'ಬಾಂಬಿನ ಹಾಗೆ.' ಚಾವಣಿ ಹಾರಲಿಲ್ಲ. ಮೋಟರು ತಿರುಗುತ್ತಲೇ ಇದ್ದು ಎರಡೂ ದ್ರವ ಬೆರೆತವು, ಪರಮಾಣು ಒಡೆಯುವ ಕ್ರಿಯೆ ತಾನಾಗಿ ನಿಂತಿತು. ಸ್ವಿಚ್ ಹಾಕಿದವನು ಮಾತ್ರ ವಿಕಿರಣಕ್ಕೆ ಸಿಕ್ಕಿ, ಮೈ ಉರಿಯುತ್ತಿದೆ ಎನ್ನುತ್ತ ಹೊರಗೆ ಓಡಿದ. 35 ಗಂಟೆಯ ನಂತರ ಸತ್ತ.

ನಾನೂ ನಿಮ್ಮ ಹಾಗೇ ಇದ್ದೆ, ಬಿಡಿ. ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ಪ್ರೂಫ್ ತಿದ್ದುತ್ತಿದ್ದಾಗ ಹತ್ತಿಯ ಜಿನ್ನಿಂಗ್ ಮಿಲ್ಲಿನ ಬೆಂಕಿಯ ಮೇಲೆ ಕತೆ ಬರೆದಿದ್ದೆ. ಜ್ವಾಲೆ ಮುಗಿಲು ಮುಟ್ಟಿತ್ತು! ಹಿರಿಯ ಸಂಪಾದಕರು ಕನ್ನಡಕದ ಮೇಲಿಂದ ನೋಡಿ, "ಅರಳಿ ಅಂಡಿಗಿ ಹತ್ತಿದ್ದು ನೀ ನೋಡೀಯೇನು?" ಎಂದರು. ನೋಡಿರಲಿಲ್ಲ. ಮರುದಿನ ಗದಗಿನ ಬಸ್ಸು ಹತ್ತಿಸಿದರು. ಅಲ್ಲಿನ ಹಮಾಲರೊಬ್ಬರು ಹೇಳಿದರು: ಹತ್ತಿಯ ಅಂಡಿಗೆ, ಅಂದರೆ ಬಿಗಿದ ಮೂಟೆ, ಒಳಗೊಳಗೇ ಹೊಗೆಯಾಡುತ್ತದೆ, ಆರಿತು ಅಂತ ಬಾಗಿಲು ಹಾಕಿ ಮನೆಗೆ ಹೋದ ಮೇಲೆ ಮತ್ತೆ ಹತ್ತುತ್ತದೆ. ನನ್ನ ಕತೆಯ ಮುಗಿಲು ಅಲ್ಲೇ ಕಳಚಿ ಬಿತ್ತು.

ಇನ್ನು 'ವಿಧಿಯಾಟ'. ನನಗೆ ಈ ಮಾತು ಕಂಡರೆ ಆಗುವುದಿಲ್ಲ. 1999ರಲ್ಲಿ ಜಪಾನಿನ ಟೊಕೈಮುರಾದ ಅಣು ಇಂಧನ ಕಾರ್ಖಾನೆಯಲ್ಲಿ ಯುರೇನಿಯಂ ದ್ರವವನ್ನು ಸ್ಟೀಲ್ ಬಕೆಟ್‌ನಿಂದ ಒಂದೇ ದಪ್ಪನೆಯ ತೊಟ್ಟಿಗೆ ಸುರಿದರು. ಮಿತಿ 2.4 ಕೆ.ಜಿ. ಯುರೇನಿಯಂ, ಸುರಿದದ್ದು ಸುಮಾರು 16 ಕೆ.ಜಿ. ಅಲ್ಲೂ ಅದೇ ಕ್ರಿಯೆ ಶುರುವಾಯಿತು. ಇಬ್ಬರು ಕೆಲಸಗಾರರು ತಿಂಗಳುಗಟ್ಟಲೆ ನರಳಿ ತೀರಿಹೋದರು. ಆ ಬಕೆಟ್ಟು ವಿಧಿ ತಂದುಕೊಟ್ಟದ್ದಲ್ಲ. ಕೆಲಸ ಬೇಗ ಮುಗಿಯಲಿ ಅಂತ ಕಂಪನಿಯಲ್ಲೇ ರೂಢಿಯಾದದ್ದು. ನಿಮ್ಮ ಶೇಖಪ್ಪನಿಗೆ ಗುಂಡಿ ಒತ್ತು ಅಂದವರು ಯಾರು? ತೊಟ್ಟಿಯಲ್ಲಿ ಏನಿದೆ ಅಂತ ಅವನಿಗೆ ಯಾರಾದರೂ ಹೇಳಿದ್ದರಾ?

ಆರನೇ ಪುಟ ಮಾತ್ರ ಹೊಸದಾಗಿ ಬರೆದು ಕಳಿಸಿ. ಅವನನ್ನು ಅಲ್ಲೇ ಸಾಯಿಸಬೇಡಿ, ಸುಮ್ನೆ ಒಂದು ದಿನವಾದರೂ ಇರಲಿ. ಹೆಂಡತಿ ಹಾವೇರಿಯಿಂದ ಬಂದು ಮುಟ್ಟಬೇಕಲ್ಲ.