3D ಚಿತ್ರ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ಲೈಟ್, ಮೆಟೀರಿಯಲ್ (ವಸ್ತುವಿನ ಮೇಲ್ಮೈಯ ಬಣ್ಣ, ಹೊಳಪು) ತಿದ್ದಲು ಈವೀ ಒಳ್ಳೆಯದಾ, ಸೈಕಲ್ಸ್ ಒಳ್ಳೆಯದಾ?

ಇವು 3D ದೃಶ್ಯವನ್ನು ಚಿತ್ರವಾಗಿಸುವ ಬ್ಲೆಂಡರ್‌ನ ಎರಡು ರೆಂಡರ್ ಎಂಜಿನ್‌ಗಳು. ಎರಡೂ ಬೇಕು, ಆದರೆ ಬೇರೆ ಬೇರೆ ಹಂತದಲ್ಲಿ. 2019ರಲ್ಲಿ ಬ್ಲೆಂಡರ್ 2.80ರ ಜೊತೆ ಬಂದ ಈವೀ, ಗೇಮ್‌ಗಳ ಹಾಗೆ ರಾಸ್ಟರೈಸೇಶನ್ ಮಾಡುತ್ತದೆ, ಅಂದರೆ ವಸ್ತುಗಳ ಆಕಾರವನ್ನು ನೇರವಾಗಿ ಪಿಕ್ಸೆಲ್‌ಗಳಾಗಿಸುತ್ತದೆ. ಲೈಟ್ ಜರುಗಿಸಿದರೆ ನೆರಳೂ ತಕ್ಷಣ ಜರುಗುತ್ತದೆ. ಸೈಕಲ್ಸ್‌ನದು ಪಾತ್ ಟ್ರೇಸಿಂಗ್. ಒಂದೊಂದು ಪಿಕ್ಸೆಲ್‌ನಿಂದಲೂ ಕಿರಣ ಬಿಟ್ಟು, ಅವು ಎಲ್ಲೆಲ್ಲಿ ಪುಟಿಯುತ್ತವೆ ಅಂತ ಲೆಕ್ಕ ಹಾಕುತ್ತದೆ. ಹಾಗಾಗಿ ಏನೇ ಬದಲಿಸಿದರೂ ಚಿತ್ರ ಮೊದಲು ಚುಕ್ಕಿಚುಕ್ಕಿಯಾಗಿ ಕಾಣಿಸಿ, ಆಮೇಲೆ ನಿಧಾನಕ್ಕೆ ತಿಳಿಯಾಗುತ್ತದೆ. ಈ ಕಾಯುವಿಕೆಯೇ ದೊಡ್ಡ ತೊಂದರೆ. ಹತ್ತು ಬಣ್ಣ ಹಾಕಿ ನೋಡಬೇಕಿದ್ದವರು ಎರಡಕ್ಕೇ ನಿಲ್ಲಿಸಿಬಿಡುತ್ತಾರೆ, ಅಲ್ವಾ?

ಆದರೆ ಗಾಜು, ಸ್ಟೀಲ್, ಕೆಂಪು ಗೋಡೆಯಿಂದ ಬಿಳಿ ನೆಲಕ್ಕೆ ಬೀಳುವ ಕೆಂಪು ಛಾಯೆ, ಇವುಗಳ ವಿಷಯದಲ್ಲಿ ಸುಮ್ನೆ ಈವೀಯನ್ನು ನಂಬಬೇಡಿ. ಅದರ ಸ್ಕ್ರೀನ್ ಸ್ಪೇಸ್ (ಪರದೆಯ ಮೇಲಿನ ಚಿತ್ರದಿಂದಲೇ ತೆಗೆಯುವ) ಪ್ರತಿಬಿಂಬದಲ್ಲಿ ಕ್ಯಾಮೆರಾಗೆ ಕಾಣದ ವಸ್ತು ಬರುವುದಿಲ್ಲ. ಲೈಟಿನ ಜಾಗ, ಅಳತೆ ಈವೀಯಲ್ಲಿ ನೋಡಿಕೊಳ್ಳಿ. ರಫ್‌ನೆಸ್‌ನ (ಮೇಲ್ಮೈ ಎಷ್ಟು ಒರಟು, ಎಷ್ಟು ನಯ ಎಂಬುದರ) ಕೊನೆಯ ತಿದ್ದುಪಡಿಯನ್ನು ಚುಕ್ಕಿಗಳನ್ನು ತೆಗೆಯುವ ಡಿನಾಯ್ಸರ್ ಹಾಕಿಕೊಂಡು ಸೈಕಲ್ಸ್‌ನಲ್ಲೇ ಮಾಡಿ.